ಊರು ಬಿಟ್ಟವರ ಬರವಣಿಗೆಯ ಲೆಕ್ಕ

2018ರ ಒಂದು ಸಂಜೆ. ಆಫೀಸಿನಿಂದ ಬಂದ ಮಗಳು ಬ್ಯಾಗಿನಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದಳು. "ಅಪ್ಪಾ, ಇದ್ರಲ್ಲಿರೋದೆಲ್ಲ ನಮ್ಮ ಮುಂಬಯಿನೇ. ಮೊದ್ಲು ಕನ್ನಡದಲ್ಲಿ ಬರೆದದ್ದಂತೆ, ಹೌದಾ?" ನೋಡಿದರೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು. ತೇಜಸ್ವಿನಿ ನಿರಂಜನ ಅನುವಾದಿಸಿದ 'ನೋ ಪ್ರೆಸೆಂಟ್ಸ್ ಪ್ಲೀಸ್'. ಡೊಂಬಿವಲಿಯಲ್ಲಿ ಬೆಳೆದ ನನ್ನ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕಲಿಸದೆ ಬಿಟ್ಟ ತಪ್ಪು ನನ್ನದು. "ಹೌದು" ಅಂದೆ. ಅವಳು ಅಷ್ಟಕ್ಕೇ ಬಿಡಲಿಲ್ಲ.

"ನೀನೂ ಕಥೆ ಬರೀತಿದ್ಯಂತೆ, ಆಯಿ ಹೇಳಿದ್ಳು. ಯಾಕೆ ಬಿಟ್ಟೆ?"

"ಟೈಮ್ ಎಲ್ಲಿತ್ತೇ?" ಅಂದುಬಿಟ್ಟೆ. ಮೂವತ್ತು ವರ್ಷ ಎಲ್ಲರಿಗೂ ಹೇಳಿದ ಉತ್ತರ ಅದೇ. ಆದರೆ ಆ ದಿನ ಮಾತ್ರ ಹೇಳಿದ ಮೇಲೆ ನನಗೇ ಸರಿ ಅನ್ನಿಸಲಿಲ್ಲ.

ಕುಮಟಾ ಕಡೆಯ ಹಳ್ಳಿಯಿಂದ ಎಂ.ಕಾಂ. ಮುಗಿಸಿ 1983ರಲ್ಲಿ ನಾನು ಈ ಊರಿಗೆ ಬಂದೆ. ಬ್ಯಾಂಕಿನ ನೌಕರಿ. ಡೊಂಬಿವಲಿಯಿಂದ ವಿ.ಟಿ.ಗೆ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ತಾಸು ಮುಗಿಯುತ್ತಿತ್ತು. ಆಗಿನ ಬ್ಯಾಂಕುಗಳಲ್ಲಿ ಜೂನ್ ಮತ್ತು ಡಿಸೆಂಬರಿನ ಕ್ಲೋಸಿಂಗ್ ಅಂದರೆ ಕೇಳುವುದೇ ಬೇಡ. ಲೆಡ್ಜರ್ ತಾಳೆಯಾಗುವ ತನಕ ಮನೆಯ ನೆನಪು ಮಾಡುವ ಹಾಗಿಲ್ಲ. ಊರಲ್ಲಿದ್ದಾಗ ಒಂದೆರಡು ಕಥೆ ಬರೆದವನು ನಾನು. ಇಲ್ಲಿ ಬಂದ ಮೇಲೂ ಒಂದು ನೋಟ್‌ಬುಕ್ ಇಟ್ಟಿದ್ದೆ. ಆದರೆ 'ಇಲ್ಲಿ ಸ್ಫೂರ್ತಿ ಎಲ್ಲಿದೆ? ಅಲ್ಲಿದ್ದರೆ ಅಘನಾಶಿನಿ, ಅಡಿಕೆ ತೋಟ, ಯಕ್ಷಗಾನ' ಅಂತ ನನಗೆ ನಾನೇ ಹೇಳಿಕೊಂಡು ಪುಸ್ತಕ ಮುಚ್ಚಿದೆ.

ಈ ನೆಪ ಎಷ್ಟು ಪೊಳ್ಳು ಅನ್ನುವುದಕ್ಕೆ ನಮ್ಮ ಜಿಲ್ಲೆಯ ಇತಿಹಾಸವೇ ಸಾಕ್ಷಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರ ತನಕ ನಮಗೆ ರಾಜಧಾನಿ ಅಂದರೆ ಮುಂಬಯಿಯೇ. ಮೆಟ್ರಿಕ್ ಆದ ಜಾಣ ಹುಡುಗರು ಮುಂದಿನ ಓದಿಗೆ, ನೌಕರಿಗೆ ಈ ಕಡೆ ಹೊರಡುತ್ತಿದ್ದದ್ದು ಅದಕ್ಕೇ. ಹಾಗೆ ಬಂದವರಲ್ಲಿ ಕೆಲವರು ಹೋಲ್ಡಾಲಿನ ಜೊತೆ ಕನ್ನಡವನ್ನೂ ಕಟ್ಟಿಕೊಂಡು ಬಂದರು. ಮುಂಬಯಿಯೂ ಅವರನ್ನು ಬರಿಗೈಯಲ್ಲಿ ಕೂರಿಸಲಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿ ಪರೀಕ್ಷೆ ಕಟ್ಟುತ್ತಿದ್ದ ಊರು ಇದು. ದುಡಿಮೆ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅಕ್ಷರ ಹಿಡಿಯುವ ಅಭ್ಯಾಸ ಇಲ್ಲಿಯ ಕನ್ನಡಿಗರಿಗೆ ಹೊಸದೇನಲ್ಲ.

ದಿನಕರ ದೇಸಾಯಿಯವರನ್ನು ನೋಡಿ. 1909ರಲ್ಲಿ ಅಂಕೋಲೆಯ ಕಡೆ ಹುಟ್ಟಿದವರು. ಮುಂಬಯಿಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿ ಕಾರ್ಮಿಕರ ನಡುವೆ ಕೆಲಸ ಮಾಡಿದರು. ರೈತರ ಪರ ನಿಂತದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಸ್ವಂತ ಜಿಲ್ಲೆಗೇ ಕಾಲಿಡದಂತೆ ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಲ್ಲಿ ಶಾಲೆ ತೆರೆಸಿದರು, 1967ರಲ್ಲಿ ಲೋಕಸಭೆಗೂ ಹೋದರು. ಇಷ್ಟು ಓಡಾಟದ ನಡುವೆ ಅವರು ಬರೆದದ್ದು ಚೌಪದಿ. ನಾಲ್ಕೇ ಸಾಲು. ಮಹಾಕಾವ್ಯಕ್ಕೆ ಬಿಡುವು ಬೇಕು, ನಾಲ್ಕು ಸಾಲಿಗೆ ಒಂದು ಬಸ್ ಸ್ಟಾಪ್ ಸಾಕು ಅಂತ ನನಗನ್ನಿಸುತ್ತದೆ. ತನ್ನ ಬದುಕಿನ ಅಳತೆಗೆ ಸರಿಯಾದ ಪಾತ್ರೆ ಆರಿಸಿಕೊಂಡು, ಅದನ್ನೇ ಮತ್ತೆ ಮತ್ತೆ ತುಂಬಿಸಿದವರು ಅವರು. ಚುಟುಕ ಅಂದರೆ ದಿನಕರ ದೇಸಾಯಿ ಅನ್ನುವಷ್ಟರ ಮಟ್ಟಿಗೆ.

ಇನ್ನು ಯಶವಂತ ಚಿತ್ತಾಲರು. 1928ರಲ್ಲಿ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ತಂತ್ರಜ್ಞಾನ ಓದಿ, ಅಮೆರಿಕಕ್ಕೂ ಹೋಗಿ ಬಂದು ಪ್ಲಾಸ್ಟಿಕ್ ಮತ್ತು ಪಾಲಿಮರುಗಳ ತಜ್ಞರಾದವರು. ಬೇಕ್‌ಲೈಟ್ ಹೈಲಮ್ ಕಂಪನಿಯಲ್ಲಿ ದೀರ್ಘ ಕಾಲ ದೊಡ್ಡ ಜವಾಬ್ದಾರಿಯ ಕೆಲಸ. ನನ್ನದು ಬ್ಯಾಂಕಿನವನ ಬುದ್ಧಿ, ಅವರ ಪುಸ್ತಕಗಳ ವರ್ಷಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಮೊದಲ ಕಥಾಸಂಕಲನ 'ಸಂದರ್ಶನ' 1957. ಮೊದಲ ಕಾದಂಬರಿ 'ಮೂರು ದಾರಿಗಳು' 1964. ಎರಡನೆಯದು 'ಶಿಕಾರಿ' 1979! ನಡುವೆ ಹದಿನೈದು ವರ್ಷ. ಆಗ ಅವರು ಸುಮ್ಮನಿರಲಿಲ್ಲ, ಕಥೆಗಳು ಬರುತ್ತಲೇ ಇದ್ದವು. 1983ರಲ್ಲಿ 'ಕಥೆಯಾದಳು ಹುಡುಗಿ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ನಾನು ವಿ.ಟಿ.ಯಲ್ಲಿ ಇಳಿದದ್ದು. ಆಮೇಲೂ 'ಛೇದ', 'ಪುರುಷೋತ್ತಮ', 'ಕೇಂದ್ರ ವೃತ್ತಾಂತ'. ಎಂಬತ್ತು ದಾಟಿದ ಮೇಲೆ 'ದಿಗಂಬರ'. 2014ರಲ್ಲಿ ಅವರು ತೀರಿಕೊಂಡರು. ಅರ್ಧ ಶತಮಾನದಲ್ಲಿ ಆರು ಕಾದಂಬರಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಲಾಟರಿಯ ಹಣವಲ್ಲ, ರಿಕರಿಂಗ್ ಡಿಪಾಸಿಟ್. ಕಂತು ಚಿಕ್ಕದು, ಆದರೆ ತಪ್ಪಿಸುವ ಹಾಗಿಲ್ಲ.

ನಾನು ನಾಚಿಕೊಂಡದ್ದು ಇನ್ನೊಂದು ಕಾರಣಕ್ಕೆ. ನನಗೆ ಆಫೀಸು ಬರವಣಿಗೆಯ ಶತ್ರು ಅನ್ನಿಸಿತ್ತು. ಅವರು ಆಫೀಸನ್ನೇ ಬರೆದರು. 'ಶಿಕಾರಿ'ಯ ನಾಗಪ್ಪ ಮುಂಬಯಿಯ ಕೆಮಿಕಲ್ ಕಂಪನಿಯೊಂದರ ಅಧಿಕಾರಿ. ಇದ್ದಕ್ಕಿದ್ದಂತೆ ಕೆಲಸದಿಂದ ಸಸ್ಪೆಂಡ್ ಆಗಿ, ತನ್ನನ್ನು ಬೇಟೆಯಾಡುತ್ತಿರುವವರು ಯಾರು ಅಂತ ತಿಳಿಯದೆ ಒದ್ದಾಡುವವನು. ಅಂಥ ಒಬ್ಬಿಬ್ಬರನ್ನು ನಾನೂ ನೋಡಿದ್ದೆ. ಒಂದು ಬ್ರಾಂಚಿನಲ್ಲಿ, ತನ್ನದಲ್ಲದ ತಪ್ಪಿಗೆ ಚಾರ್ಜ್‌ಶೀಟ್ ಹಿಡಿದು ಕ್ಯಾಂಟೀನಿನ ಮೂಲೆಯಲ್ಲಿ ಚಹಾ ಆರಿಸಿಕೊಂಡು ಕೂತಿದ್ದ ಸಹೋದ್ಯೋಗಿ ಈಗಲೂ ಕಣ್ಣಿಗೆ ಕಟ್ಟುತ್ತಾನೆ. ನನ್ನ ಎದುರಿಗೆ ಕೂತ ಕಥೆ ಬಿಟ್ಟು ನಾನು ಅಘನಾಶಿನಿಯ ದಡದಲ್ಲಿ ಸ್ಫೂರ್ತಿ ಹುಡುಕುತ್ತಿದ್ದೆ. ಹಾಗಂತ ಚಿತ್ತಾಲರು ಊರನ್ನು ಬಿಡಲಿಲ್ಲ. ಹನೇಹಳ್ಳಿ ಮತ್ತು ಮುಂಬಯಿ, ಈ ಎರಡು ದಡಗಳ ನಡುವೆಯೇ ಅವರ ಕಥೆಗಳು ಓಡಾಡುತ್ತವೆ. ದೂರ ಬಂದದ್ದರಿಂದಲೇ ಹನೇಹಳ್ಳಿ ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡಿರಬೇಕು.

ಮೂರನೆಯವರು, ಮಗಳ ಕೈಯಲ್ಲಿದ್ದ ಪುಸ್ತಕದ ಕಾಯ್ಕಿಣಿಯವರು. 1955ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಅವರು ಹತ್ತೊಂಬತ್ತರ ವಯಸ್ಸಿಗೇ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಕವಿ. ಅಷ್ಟು ಬೇಗ ಹೆಸರು ಬಂದವರು ಅದನ್ನೇ ತಿಂದುಕೊಂಡು ಇರಬಹುದಿತ್ತು. ಇವರು ಬಯೋಕೆಮಿಸ್ಟ್ ಆಗಿ ಮುಂಬಯಿಗೆ ಬಂದು, ಔಷಧ ಕಂಪನಿಯಲ್ಲಿ ದುಡಿಯುತ್ತ ಇಲ್ಲಿಯ ಲೋಕಲ್ಲು, ಚಾಳು, ಸಿನೆಮಾ ಥಿಯೇಟರು, ಇರಾನಿ ಹೋಟೆಲುಗಳ ಜನರನ್ನು ಕಥೆಗೆ ತಂದರು. ಆ ಅನುವಾದಕ್ಕೆ 2019ರ ಜನವರಿಯಲ್ಲಿ ದಕ್ಷಿಣ ಏಷ್ಯಾದ ಡಿ.ಎಸ್.ಸಿ. ಪ್ರಶಸ್ತಿ ಬಂದಾಗ ಪೇಪರಿನಲ್ಲಿ ಓದಿದ ಮಗಳು ತನಗೇ ಬಂದವಳ ಹಾಗೆ ಕುಣಿದಳು. ನಾನು ಮೂರು ತಾಸು 'ಹಾಳು' ಮಾಡಿದ ಆ ಲೋಕಲ್ಲಿನಲ್ಲೇ ಅಷ್ಟು ಕಥೆಗಳು ನೇತಾಡುತ್ತಿದ್ದವು ನೋಡಿ!

2020ರಲ್ಲಿ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ಸಮಾರಂಭವೂ ಇಲ್ಲ, ಲಾಕ್‌ಡೌನ್. ಮನೆಯಿಂದ ಹೊರಬೀಳುವಂತಿಲ್ಲ. ಮಾಳಿಗೆಯ ಟ್ರಂಕು ಇಳಿಸಿ ಹಳೇ ನೋಟ್‌ಬುಕ್ ತೆಗೆದೆ. ಹನ್ನೊಂದು ಕಥೆಗಳಿದ್ದವು, ಹನ್ನೊಂದೂ ಅರ್ಧಕ್ಕೆ ನಿಂತವು. ಈಗ ಸಮಯಕ್ಕೇನೂ ಬರಗಾಲ ಇರಲಿಲ್ಲ. ಆದರೂ ಮೊದಲ ಹದಿನೈದು ದಿನ ಒಂದು ಸಾಲೂ ಬರಲಿಲ್ಲ! ಆಗ ಗೊತ್ತಾಯಿತು, ಕೊರತೆ ಇದ್ದದ್ದು ಹೊತ್ತಿನದ್ದಲ್ಲ, ರೂಢಿಯದ್ದು. ದಿನಾ ಕೂರದವನಿಗೆ ಇಡೀ ದಿನ ಕೊಟ್ಟರೂ ಅಷ್ಟೇ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಬೆಳಿಗ್ಗೆ ಚಹಾ ಆದ ಮೇಲೆ ಅರ್ಧ ಪುಟ. ಚೆನ್ನಾಗಿ ಬಂದರೂ ಅರ್ಧ, ಕೆಟ್ಟರೂ ಅರ್ಧ. ಬರೆಯಲು ಏನೂ ತೋಚದ ದಿನ ಎದುರು ಬಿಲ್ಡಿಂಗಿನ ವಾಚ್‌ಮನ್, ಹೂವಿನವಳು, ಇಸ್ತ್ರಿಯವನು ಯಾರಾದರೂ ಸರಿ, ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. "ಕ್ಲೋಸಿಂಗ್ ಶುರುವಾಯ್ತಾ?" ಅಂತ ಹೆಂಡತಿ ನಗುತ್ತಾಳೆ. ನಾನು ಚಿತ್ತಾಲರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯಬಾರದು ಅಂತ ಯಾರೂ ನನಗೆ ಸರ್ಕ್ಯುಲರ್ ಕಳಿಸಿಲ್ಲವಲ್ಲ.

ಯಾರಿಗಾಗಿ ಬರೆಯುವುದು ಅನ್ನುವ ಪ್ರಶ್ನೆ ಉಳಿದೇ ಇದೆ. ಮನೆಯಲ್ಲೇ ಮಗಳಿಗೆ ಓದಲು ಬಾರದು. ಅದಕ್ಕೆ ಭಾನುವಾರ ಅವಳನ್ನು ಕೂರಿಸಿಕೊಂಡು ನಾನೇ ಓದಿ ಹೇಳುತ್ತೇನೆ. ಚಾರ್ಜ್‌ಶೀಟಿನವನ ಕಥೆ ಕೇಳಿ ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಪುಟ ತನ್ನ ಕಡೆ ತಿರುಗಿಸಿಕೊಂಡು, ಕಥೆಯ ಹೆಸರಿನ ಮೇಲೆ ಬೆರಳಿಟ್ಟು, "ಇದು ಯಾವ ಅಕ್ಷರ?" ಅಂತ ಕೇಳಿದಳು. ಹೇಳಿಕೊಟ್ಟೆ. ಈಗ ವಾರಕ್ಕೆ ನಾಲ್ಕು ಅಕ್ಷರದ ಹಾಗೆ ಅವಳದ್ದೂ ಕಂತು ನಡೆದಿದೆ.

ಹನ್ನೊಂದು ಕಥೆಗಳಲ್ಲಿ ಮೂರು ಮುಗಿದಿವೆ. ಬಾಕಿ ಎಂಟು.