ನೋಡುವವರಿಗಷ್ಟೇ ಒಂದು ಕೀಲಿಕೈ

ಸರ್ವರ್ ನಿಧಾನವಾಗಿದೆ. ಕಾರಣ ಹುಡುಕಲು ಕೂತ ಎಂಜಿನಿಯರ್ 'ಪರ್ಫ್' ಎಂಬ ಅಳತೆಯ ಪ್ರೋಗ್ರಾಂ ಓಡಿಸುತ್ತಾರೆ. ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಪ್ರೊಸೆಸರ್ ತನ್ನ ಹೊತ್ತನ್ನು ಎಲ್ಲಿ ಕಳೆಯುತ್ತಿದೆ ಎಂದು ನೋಡುವುದಷ್ಟೇ ಅವರ ಕೆಲಸ. ಒಂದು ಫೈಲ್ ಅಳಿಸುವುದಿಲ್ಲ, ಒಂದು ಸೆಟ್ಟಿಂಗ್ ಮುಟ್ಟುವುದಿಲ್ಲ. ಆದರೂ ಇಡೀ ವ್ಯವಸ್ಥೆಯನ್ನು ಹೀಗೆ ಅಳೆಯಲು ಲಿನಕ್ಸ್‌ನಲ್ಲಿ ಬಹುಕಾಲ ಇದ್ದದ್ದು ಯಜಮಾನಿಕೆಯ ಕೀಲಿ ಗೊಂಚಲನ್ನೇ ಕೈಗಿಡುವ ದಾರಿ, ಇಲ್ಲವೇ ಎಲ್ಲರಿಗೂ ಬಾಗಿಲು ತೆರೆದಿಡುವ ದಾರಿ. ನೋಡುವುದಕ್ಕಷ್ಟೇ ಸಾಲುವ ಚಿಕ್ಕ ಕೀಲಿ ಸಿದ್ಧವಾಗಲು 2020 ಬರಬೇಕಾಯಿತು.

ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎಂಬ ಈ ಲೆಕ್ಕ ಬೆಲ್ ಲ್ಯಾಬ್ಸ್‌ನ ಯೂನಿಕ್ಸ್‌ನಿಂದ ಬಂದದ್ದು. ಅಲ್ಲಿ 0 ಸಂಖ್ಯೆಯ ಬಳಕೆದಾರನೇ 'ರೂಟ್', ಅವನಿಗೆ ತಡೆಯಿಲ್ಲ. ಆದರೆ ಉಳಿದವರೂ ತಮ್ಮ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕಲ್ಲ? ಅದನ್ನಿಟ್ಟ ಫೈಲನ್ನು ತಿದ್ದುವ ಹಕ್ಕು ರೂಟ್‌ಗೆ ಮಾತ್ರ. ಡೆನಿಸ್ ರಿಚಿ ಇದಕ್ಕೆ 'ಸೆಟ್‌ಯುಐಡಿ' ಎಂಬ ಉಪಾಯ ಹೂಡಿದರು: ಪ್ರೋಗ್ರಾಂನ ಮೇಲೆ ಒಂದು ಬಿಟ್‌ನ ಗುರುತು, ಅಷ್ಟೇ. ಯಾರು ಓಡಿಸಿದರೂ ಅದು ತನ್ನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. 1973ರಲ್ಲಿ ಸಲ್ಲಿಸಿದ ಅರ್ಜಿಗೆ 1979ರಲ್ಲಿ ಪೇಟೆಂಟ್ ಸಿಕ್ಕಿತು. ಅಧಿಕಾರವನ್ನು ಮನುಷ್ಯನಿಗೆ ಕೊಡದೆ ಅವನ ಕೈಯಲ್ಲಿನ ಸಲಕರಣೆಗೆ ಕೊಡುವ ಈ ಯೋಚನೆ ಮುಂದಿನ ಕಥೆಗೆಲ್ಲ ಬುನಾದಿ.

ನೋಡುವ ಸಲಕರಣೆಗಳಿಗೂ ಇದೇ ಯೋಚನೆ ಒದಗಿತು. ಯಾವ ಯಾವ ಕೆಲಸ ನಡೆಯುತ್ತಿದೆ ಎಂದು ತೋರಿಸುವ 'ಪಿಎಸ್' ಪ್ರೋಗ್ರಾಂ ಹಳೆಯ ಯೂನಿಕ್ಸ್‌ಗಳಲ್ಲಿ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೆಮೊರಿಯನ್ನೇ ತೆರೆದು ಪಟ್ಟಿ ಹೆಕ್ಕುತ್ತಿತ್ತು. ಪಕ್ಕದ ಟರ್ಮಿನಲ್‌ನಲ್ಲಿ ಟೈಪಾಗುತ್ತಿದ್ದ ಅಕ್ಷರಗಳೂ ಅದೇ ಮೆಮೊರಿಯಲ್ಲಿ ಇರುತ್ತಿದ್ದವು. ಹಾಗಾಗಿ ಅದನ್ನು ಓದುವ ಹಕ್ಕನ್ನು 'ಕೆಮೆಮ್' ಎಂಬ ಗುಂಪಿಗೆ ಕಟ್ಟಿ, ಪಿಎಸ್‌ಗೆ ಆ ಗುಂಪಿನ ವೇಷ ತೊಡಿಸಲಾಯಿತು. ಟಾಮ್ ಕಿಲಿಯನ್ 1984ರಲ್ಲಿ ಇನ್ನೂ ಸೊಗಸಾದ ದಾರಿ ತೋರಿಸಿದರು: ಪ್ರತಿ ಪ್ರಕ್ರಿಯೆಯೂ 'ಪ್ರೊಕ್' ಡೈರೆಕ್ಟರಿಯಲ್ಲಿ ಒಂದು ಫೈಲ್, ಫೈಲಿಗೆ ಇರುವಂತೆಯೇ ಅದಕ್ಕೂ ಒಡೆಯ, ಅನುಮತಿ. ಇಂದು ಲಿನಕ್ಸ್‌ನ ಪಿಎಸ್ ಓದುವುದು ಅಲ್ಲಿಂದಲೇ.

ರೂಟ್‌ನ ಅಧಿಕಾರವನ್ನೇ ತುಂಡು ಮಾಡಿ ಹಂಚುವ, ಪಾಸಿಕ್ಸ್ ಎಂಬ ಮಾನದಂಡದ ಕರಡು ಮಧ್ಯದಲ್ಲೇ ಹಿಂತೆಗೆಯಲ್ಪಟ್ಟರೂ 1999ರಲ್ಲಿ ಬಂದ ಲಿನಕ್ಸ್ 2.2 ಅದನ್ನು 'ಕೇಪಬಿಲಿಟಿ' ಎಂಬ ಹೆಸರಲ್ಲಿ ಅಳವಡಿಸಿಕೊಂಡಿತು. ಆದರೆ ಹೊಸ ಸವಲತ್ತು ಯಾವ ತುಂಡಿಗೆ ಸೇರಬೇಕೆಂದು ಹೊಳೆಯದಾಗ ಡೆವಲಪರ್‌ಗಳು ಅದನ್ನು 'ಕ್ಯಾಪ್ ಸಿಸ್ ಅಡ್ಮಿನ್' ಎಂಬ ಒಂದೇ ಚೀಲಕ್ಕೆ ತುರುಕುತ್ತ ಹೋದರು. ಕರ್ನಲ್‌ನ ಕೇಪಬಿಲಿಟಿ ತಪಾಸಣೆಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಅದೊಂದರದ್ದೇ ಎಂದು ಮೈಕೆಲ್ ಕೆರಿಸ್ಕ್ 2012ರಲ್ಲಿ ಎಣಿಸಿ ತೋರಿಸಿ, ಅದನ್ನು ಹೊಸ ರೂಟ್ ಎಂದೇ ಕರೆದರು. ಹಂಚಲೆಂದು ಮಾಡಿದ ಏರ್ಪಾಡು ಮತ್ತೆ ಒಂದೇ ಕಡೆ ರಾಶಿ ಬಿದ್ದಿತ್ತು. ಇದು ಬರೀ ಸೋಮಾರಿತನವಲ್ಲ. ಅಧಿಕಾರವನ್ನು ಗೆರೆ ಎಳೆದು ಭಾಗ ಮಾಡುವುದು ನಿಜಕ್ಕೂ ಕಷ್ಟದ ಕೆಲಸ.

ಪರ್ಫ್ ಬಂದದ್ದು 2009ರ ಲಿನಕ್ಸ್ 2.6.31ರೊಂದಿಗೆ. ಅದರ ಕಾವಲಿಗೆ ಒಂದು ಸಂಖ್ಯೆ, ಹೆಸರು 'ಪರ್ಫ್ ಇವೆಂಟ್ ಪ್ಯಾರನಾಯ್ಡ್'. ಬೆಲೆ ಏರಿದಷ್ಟೂ ಸಾಮಾನ್ಯ ಬಳಕೆದಾರನ ನೋಟ ಕಿರಿದಾಗುತ್ತದೆ: 1 ಇದ್ದರೆ ಕರ್ನಲ್‌ನೊಳಗೂ ಇಣುಕಬಹುದು, 2 ಆದರೆ ತನ್ನ ಪ್ರೋಗ್ರಾಂನ ಕೋಡ್ ಮಾತ್ರ. 2013ರಲ್ಲಿ ಇದೇ ಪರ್ಫ್‌ನ ಒಂದು ದೋಷ ಹಿಡಿದು ಸಾಮಾನ್ಯ ಬಳಕೆದಾರ ರೂಟ್ ಆಗಿಬಿಡಬಹುದೆಂದು ಬಯಲಾಯಿತು. 2016ರ ಲಿನಕ್ಸ್ 4.6ರಲ್ಲಿ ಮೂಲ ಬೆಲೆ 1ರಿಂದ 2ಕ್ಕೆ ಏರಿತು; ಅದೂ ಸಾಲದೆಂದು ಡೆಬಿಯನ್ ಎಂಬ ಲಿನಕ್ಸ್ ವಿತರಣೆ 3 ಎಂಬ ಮೆಟ್ಟಿಲನ್ನೇ ಸೇರಿಸಿ ಪೂರ್ತಿ ಮುಚ್ಚಿತು.

ಸಂಖ್ಯೆಯೇನೋ ಸರಿ, ಆದರೆ ಅದು ಯಂತ್ರಕ್ಕೆಲ್ಲ ಒಂದೇ. ನಂಬಿಕಸ್ಥ ಎಂಜಿನಿಯರಿಗೂ ಅಪರಿಚಿತನಿಗೂ ಭೇದವಿಲ್ಲ. ಇಂಟೆಲ್‌ನ ಅಲೆಕ್ಸಿ ಬುಡಾಂಕೋವ್ ಮುಂದಿಟ್ಟ 'ಕ್ಯಾಪ್ ಪರ್ಫ್‌ಮಾನ್' ಈ ಗಂಟನ್ನು ಬಿಡಿಸಿತು. 2020ರ ಆಗಸ್ಟ್‌ನಲ್ಲಿ ಬಂದ ಲಿನಕ್ಸ್ 5.8ರಲ್ಲಿ ಅದು 38 ಸಂಖ್ಯೆಯ ಕೇಪಬಿಲಿಟಿಯಾಗಿ ಸೇರಿತು. ಬಳಕೆ ಹೀಗೆ: ನಿರ್ವಾಹಕರು 'ಪರ್ಫ್ ಯೂಸರ್ಸ್' ಎಂಬ ಗುಂಪು ಮಾಡಿ, ಪರ್ಫ್ ಫೈಲನ್ನು ಆ ಗುಂಪಿಗೆ ಒಪ್ಪಿಸಿ, ಹೊರಗಿನವರ ಅನುಮತಿ ಕಿತ್ತು, 'ಸೆಟ್‌ಕ್ಯಾಪ್' ಆಜ್ಞೆಯಿಂದ ಆ ಫೈಲಿಗೇ ಕೀಲಿ ಕಟ್ಟುತ್ತಾರೆ. ಗುಂಪಿನಲ್ಲಿರುವವರು ಅಳೆಯಬಹುದು, ರೂಟ್ ಪಾಸ್‌ವರ್ಡ್ ಯಾರ ಕೈಗೂ ಹೋಗುವುದಿಲ್ಲ. ರಿಚಿಯ ಬಿಟ್‌ನ ಮರಿಮಗಳೆಂದರೂ ಸಲ್ಲುತ್ತದೆ.

ಇಷ್ಟು ಕಾವಲು ಏಕೆ? ಅದೇ ವರ್ಷದ ನವೆಂಬರ್‌ನಲ್ಲಿ 'ಪ್ಲಾಟಿಪಸ್' ಎಂಬ ಹೆಸರಲ್ಲಿ ಗ್ರಾಜ್‌ನ ತಾಂತ್ರಿಕ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರ ತಂಡ ಉತ್ತರ ಕೊಟ್ಟಿತು. ಇಂಟೆಲ್ ಪ್ರೊಸೆಸರ್‌ನ ವಿದ್ಯುತ್ ಬಳಕೆಯ ಅಂಕಿಯನ್ನು ಲಿನಕ್ಸ್‌ನಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಆ ಅಂಕಿಯ ಏರಿಳಿತವನ್ನು ಗಂಟೆಗಟ್ಟಲೆ ಕಾದು ಸಂಗ್ರಹಿಸಿದರೆ ಗೂಢಲಿಪಿಯ ರಹಸ್ಯ ಕೀಲಿಗಳನ್ನೇ ಹೊರಗೆಳೆಯಬಹುದೆಂದು ಅವರು ತೋರಿಸಿದರು. ಸುದ್ದಿ ಹೊರಬೀಳುತ್ತಿದ್ದಂತೆ ಕರ್ನಲ್‌ಗೆ ತಿದ್ದುಪಡಿ ಬಂತು: ಆ ಅಂಕಿ ಇರುವ ಫೈಲನ್ನು ಓದುವ ಹಕ್ಕು ರೂಟ್‌ಗೆ ಮಾತ್ರ ಉಳಿಯಿತು.