ಬೆಳಗುವ ಬಣ್ಣದ ಅಳತೆಗೋಲು

ನಾವು ನೆಲೆಸಿರುವ ಬ್ರಿಟನ್ನಿಗೆ ಪ್ರತಿದೀಪ್ತಿಯ ಚರಿತ್ರೆಯಲ್ಲಿ ಹಿರಿಯ ಸ್ಥಾನವಿದೆ. ಕಾಣದ ಅತಿನೇರಳೆ ಕಿರಣವನ್ನು ಹೀರಿದ ಕ್ವಿನೈನ್ ದ್ರಾವಣವು ನೀಲಿ ಬೆಳಕನ್ನು ಸೂಸುವುದನ್ನು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ 1852ರಲ್ಲಿ ವಿವರಿಸಿದರು. ನೂರು ವರ್ಷ ಕಳೆದ ಮೇಲೆ, 1954ರಲ್ಲಿ, ಇದೇ ನಾಡಿನಲ್ಲಿದ್ದ ಗ್ರೆಗೋರಿಯೊ ವೆಬರ್ ಮತ್ತು ಲಾರೆನ್ಸ್ ಇನ್ನೊಂದು ಸೋಜಿಗವನ್ನು ವರದಿ ಮಾಡಿದರು: ನೀರಿನಲ್ಲಿ ಮಂಕಾಗಿರುವ ಕೆಲವು ವರ್ಣಗಳು ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿದೊಡನೆ ಬೆಳಗುತ್ತವೆ.

ಬೆಳಕಿನ ಪ್ರಮಾಣವೇ ಪ್ರೋಟೀನಿನ ಅಳತೆಯಾಯಿತು. 1990ರ ದಶಕದಲ್ಲಿ ಅಲ್ಬುಮಿನ್ ಬ್ಲೂ 580 ಎಂಬ ವರ್ಣದಿಂದ ಮೂತ್ರದಲ್ಲಿನ ಅತ್ಯಲ್ಪ ಅಲ್ಬುಮಿನನ್ನೂ ಅಳೆಯಲಾಯಿತು. ಮಧುಮೇಹಿಗಳ ಮೂತ್ರಪಿಂಡಕ್ಕೆ ಹಾನಿ ತಟ್ಟಿರುವುದನ್ನು ಮೊದಲು ಸೂಚಿಸುವುದು ಸಾಮಾನ್ಯವಾಗಿ ಈ ಅಲ್ಪಾಂಶವೇ. ಇಂದು ಆಸ್ಪತ್ರೆಗಳಲ್ಲಿ ಅನ್ಯ ವಿಧಾನಗಳೂ ರೂಢಿಯಲ್ಲಿವೆ. ಹುಡುಕುವುದು ಮಾತ್ರ ಅದನ್ನೇ. ದಕ್ಷಿಣ ಏಷ್ಯಾ ಮೂಲದವರಾದ ನಮ್ಮಲ್ಲಿ ಮಧುಮೇಹ ಹೆಚ್ಚು. ಆದ್ದರಿಂದ ವಾರ್ಷಿಕ ಮೂತ್ರಪರೀಕ್ಷೆಯ ಕರೆಯನ್ನು ನಾವು ಕಡೆಗಣಿಸದಿರೋಣ.