ಬಾವಿ ಹೇಳದ್ದನ್ನು ಮೈ ಹೇಳುತ್ತೆ: ಮುಂಡರಗಿಯ ನೀರು, ಮೂತ್ರ ಪರೀಕ್ಷೆ ಮತ್ತು ಒಂದು ಹಳೆಯ ಪ್ರಶ್ನೆ

ಇವತ್ತಿನ ಸಂಚಿಕೆಯ ವಿಷಯ ಸ್ವಲ್ಪ ಮುಜುಗರದ್ದು, ಮೂತ್ರದ ಬಗ್ಗೆ. ನಗಬೇಡಿ. ನಮ್ಮ ಮೈಯೊಳಗೆ ಯಾವ ರಾಸಾಯನಿಕ ಎಷ್ಟು ಹೋಗಿದೆ ಅಂತ ತಿಳಿಯೋಕೆ ವಿಜ್ಞಾನಿಗಳು ಕಂಡುಕೊಂಡ ಅತ್ಯಂತ ಸರಳ ದಾರಿ ಇದು. ಈ ಕತೆಯನ್ನು ಗದಗ ಜಿಲ್ಲೆಯಿಂದಲೇ ಶುರು ಮಾಡೋಣ.

ಮುಂಡರಗಿ, ಶಿರಹಟ್ಟಿ ಕಡೆ ಹೋದವರು ಗಮನಿಸಿರಬಹುದು. ಕೆಲವು ಹಳ್ಳಿಗಳಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಅಡ್ಡಡ್ಡ ಗೆರೆ ಕಾಣ್ತವೆ. ಸುಣ್ಣದಂಥ ಬಿಳಿ, ಹಳದಿ, ಕೆಲವರಿಗೆ ಕಂದು. ಎಷ್ಟು ತಿಕ್ಕಿದರೂ ಹೋಗೋದಿಲ್ಲ. ಯಾಕಂದ್ರೆ ಅದು ಹಲ್ಲಿನ ಮೇಲೆ ಕೂತ ಕೊಳೆ ಅಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಬಿದ್ದ ಗುರುತು. ಇದಕ್ಕೆ ಫ್ಲೋರೋಸಿಸ್ ಅಂತಾರೆ. ಕಾರಣ, ಕುಡಿಯುವ ನೀರಿನ ಫ್ಲೋರೈಡ್.

ಹಾಗಾದ್ರೆ ಹಿಂದಿನವರು ಇದೇ ನೆಲದ ನೀರು ಕುಡೀತಿರಲಿಲ್ವಾ? ಕುಡೀತಿದ್ರು, ಆದರೆ ಬೇರೆ ನೀರು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದ್ದೀರಲ್ಲ, ಮೆಟ್ಟಿಲು ಇಳಿದು ನೀರು ಮುಟ್ಟಬಹುದು. ಡಂಬಳದಲ್ಲಿ ಕೆರೆ ಇದೆ. ಇವೆಲ್ಲ ಮೇಲ್ಮಟ್ಟದ ನೀರು, ಹೆಚ್ಚುಪಾಲು ಮಳೆಯದ್ದು. ಆದರೆ ಅದರಲ್ಲಿ ಬೇರೆ ಕಾಟ ಇತ್ತು, ನಾರುಹುಣ್ಣು. ಮೆಟ್ಟಿಲ ಬಾವಿಗೆ ಕಾಲಿಟ್ಟವರಿಂದ ಹುಳು ನೀರಿಗೆ, ನೀರಿನಿಂದ ಮತ್ತೊಬ್ಬರ ಮೈಗೆ. ಕರ್ನಾಟಕವೂ ಅದರ ಹಾವಳಿ ಇದ್ದ ರಾಜ್ಯ. 1980ರ ದಶಕದಲ್ಲಿ ದೇಶದಾದ್ಯಂತ ಅದರ ನಿರ್ಮೂಲನೆ ನಡೀತು. ಮೆಟ್ಟಿಲ ಬಾವಿ ಬಿಡಿ, ಬೋರ್‌ವೆಲ್ ನೀರು ಕುಡಿಯಿರಿ ಅನ್ನೋದು ಅದರ ಮುಖ್ಯ ಸಲಹೆಗಳಲ್ಲಿ ಒಂದು. 1996ರಲ್ಲಿ ಭಾರತದ ಕೊನೆಯ ನಾರುಹುಣ್ಣು ಪ್ರಕರಣ ದಾಖಲಾಯ್ತು. ದೊಡ್ಡ ಗೆಲುವು ಅದು, ಅನುಮಾನ ಬೇಡ.

ಆದರೆ ಬೋರ್‌ವೆಲ್ ಆಳಕ್ಕೆ ಹೋದಂತೆ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಸಿಗುತ್ತೆ. ಗ್ರಾನೈಟ್, ನೈಸ್ ಜಾತಿಯ ಕಲ್ಲುಗಳ ಖನಿಜದಲ್ಲಿ ಫ್ಲೋರೈಡ್ ಇರುತ್ತೆ, ನೀರು ನಿಂತಷ್ಟೂ ಅದು ಕರಗಿ ಸೇರುತ್ತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತೆ. ಮುಂಡರಗಿ, ಶಿರಹಟ್ಟಿ ಭಾಗದ ಎಷ್ಟೋ ಕೊಳವೆಬಾವಿಗಳು ಈ ಮಿತಿ ದಾಟಿದ್ದು ಮತ್ತೆ ಮತ್ತೆ ವರದಿಯಾಗಿದೆ. ಸವಳು ನೀರಾದ್ರೆ ನಾಲಿಗೆ ಹೇಳುತ್ತೆ. ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೂ ಹೋಗೋದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ.

ಕಾರಣ ಫ್ಲೋರೈಡ್ ಅಂತ ಗೊತ್ತಾಗೋಕೂ ಬಹಳ ಕಾಲ ಹಿಡೀತು. 1901ರಲ್ಲಿ ಅಮೆರಿಕದ ಕೊಲರಾಡೋಗೆ ಬಂದ ಫ್ರೆಡರಿಕ್ ಮೆಕೇ ಅನ್ನೋ ದಂತವೈದ್ಯ ಅಲ್ಲಿನವರ ಕಂದು ಹಲ್ಲು ನೋಡಿ ದಂಗಾದ. ಉತ್ತರ ಸಿಕ್ಕಿದ್ದು 1931ರಲ್ಲಿ, ಎಚ್. ವಿ. ಚರ್ಚಿಲ್ ಅನ್ನೋ ರಸಾಯನಶಾಸ್ತ್ರಜ್ಞ ನೀರಲ್ಲಿ ಫ್ಲೋರೈಡ್ ಪತ್ತೆ ಮಾಡಿದಾಗ. ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ ಬೆನ್ನು, ಕುತ್ತಿಗೆ ಸೆಟೆದುಕೊಂಡ ರೋಗಿಗಳ ಬಗ್ಗೆ ಬರೆದರು. ಹಲ್ಲಷ್ಟೇ ಅಲ್ಲ, ಮೂಳೆಗೂ ಇದು ಇಳಿಯುತ್ತೆ ಅಂತ ಭಾರತದಿಂದ ಬಂದ ಮೊದಲ ದೊಡ್ಡ ವರದಿ ಅದು.

ಅದೇ 1937ರಲ್ಲಿ ಡೆನ್ಮಾರ್ಕಿನ ಕೈ ರೋಹೋಲ್ಮ್ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಕೋಪನ್‌ಹೇಗನ್ನಿನ ಕ್ರಯೊಲೈಟ್ ಕಾರ್ಖಾನೆಯಲ್ಲಿ ಫ್ಲೋರೈಡ್ ದೂಳು ಕುಡಿದ ಕಾರ್ಮಿಕರ ಅಧ್ಯಯನ ಅದು. ಮುಂದೆ ಅಂಥ ಕಾರ್ಮಿಕರ ಮೂತ್ರ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಕೆಲಸ ಬಿಟ್ಟು ವರ್ಷಗಳಾದವರ ಮೂತ್ರದಲ್ಲೂ ಫ್ಲೋರೈಡ್ ಹೆಚ್ಚೇ ಇತ್ತು. ಮೂಳೆಯಲ್ಲಿ ಸಾಲದ ಹಾಗೆ ಕೂತದ್ದು ನಿಧಾನಕ್ಕೆ ತೀರ್ತಾ ಇತ್ತು. 1940ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಮೆಕ್‌ಕ್ಲೂರ್ ಇನ್ನೊಂದನ್ನು ತೋರಿಸಿದರು. ಊರಿನ ನೀರಿನಲ್ಲಿ ಫ್ಲೋರೈಡ್ ಎಷ್ಟೋ, ಹೆಚ್ಚುಕಡಿಮೆ ಅದೇ ಮಟ್ಟ ಆ ಊರಿನವರ ಮೂತ್ರದಲ್ಲೂ. ಅಂದ್ರೆ ಮನುಷ್ಯನನ್ನೇ ಕೇಳಿದರೆ ಅವನು ಕುಡಿದ ಬಾವಿಯ ಲೆಕ್ಕ ಸಿಗುತ್ತೆ!

ಆಗ ಈ ಪರೀಕ್ಷೆ ಸುಲಭ ಇರಲಿಲ್ಲ, ಬಟ್ಟಿ ಇಳಿಸಿ ಗಂಟೆಗಟ್ಟಲೆ ಕೂರಬೇಕಿತ್ತು. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ತಂದ ಮೇಲೆ ಅದೇ ಕೆಲಸ ನಿಮಿಷಗಳಿಗೆ ಇಳೀತು. 2008–09ರಲ್ಲಿ ಕೇಂದ್ರ ಸರ್ಕಾರ ಫ್ಲೋರೋಸಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಲು ಆರಿಸಿದ್ದು ಇಂಥದ್ದೇ ಯಂತ್ರ, ಅಯಾನ್ ಮೀಟರ್. ನೀರಿಗೂ ಅದೇ, ಮೂತ್ರಕ್ಕೂ ಅದೇ.

ನೀರು ಪರೀಕ್ಷಿಸಿದ ಮೇಲೆ ಮೂತ್ರ ಯಾಕೆ ಅಂತ ನೀವು ಕೇಳಬಹುದು. ಒಂದು ಮನೆಯ ಅಡುಗೆಮನೆ ನೆನೆಸಿಕೊಳ್ಳಿ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಬರುತ್ತೆ. ಅನ್ನ, ಸಾರು, ರೊಟ್ಟಿ ಹಿಟ್ಟು, ಚಹಾ ಇವಕ್ಕೆಲ್ಲ ಬೋರ್ ನೀರೇ. ಚಹಾಪುಡಿಯಲ್ಲೂ ತನ್ನದೇ ಫ್ಲೋರೈಡ್ ಇದೆ. ಹೊಲಕ್ಕೆ ಹೋದವರು ಅಲ್ಲಿನ ಬೋರ್ ನೀರು ಕುಡೀತಾರೆ. ಹಮ್ಮಿಗಿ ಬ್ಯಾರೇಜಿನಿಂದ ಬರುವ ತುಂಗಭದ್ರಾ ನೀರು ಗದಗ-ಬೆಟಗೇರಿಗೇ ದಿನಗಟ್ಟಲೆ ತಡವಾಗುತ್ತೆ, ಆಗ ಜನ ಮತ್ತೆ ಬೋರಿನ ಕಡೆಗೇ. ಘಟಕದ ನೀರಿನ ವರದಿ ಚೆನ್ನಾಗೇ ಇರುತ್ತೆ. ಮನೆಯವರ ಮೂತ್ರ ಮಾತ್ರ ಬೇರೆ ಕತೆ ಹೇಳುತ್ತೆ.

ಒಂದು ಎಚ್ಚರಿಕೆಯೂ ಇದೆ. ದೊಡ್ಡವರಲ್ಲಿ ಒಳಗೆ ಹೋದ ಫ್ಲೋರೈಡಿನ ಸುಮಾರು ಅರ್ಧ ಮೂತ್ರದಲ್ಲಿ ಹೊರಬರುತ್ತೆ. ಬೆಳೆಯುವ ಮಕ್ಕಳಲ್ಲಿ ಹೆಚ್ಚಿನ ಪಾಲು ಮೂಳೆಯೇ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಮಗುವಿನ ಮೂತ್ರದಲ್ಲಿ ಕಡಿಮೆ ಬಂತು ಅಂತ ನೆಮ್ಮದಿಯಾಗಿ ಕೂರುವಂತಿಲ್ಲ.

ಇದೇ ಪ್ರಶ್ನೆ ಈಗ ಪ್ಲಾಸ್ಟಿಕ್ಕಿಗೂ ಬಂದಿದೆ. ಪಿವಿಸಿಯನ್ನು ಮೆತ್ತಗೆ ಮಾಡೋಕೆ ಥಾಲೇಟ್ ಅನ್ನೋ ಪ್ಲಾಸ್ಟಿಸೈಜರ್ ಬೆರೆಸ್ತಾರೆ. ಅದು ಅಲ್ಲೇ ನಿಲ್ಲೋದಿಲ್ಲ, ಜಿನುಗುತ್ತೆ. 1970ರಲ್ಲಿ ಯೇಗರ್ ಮತ್ತು ರೂಬಿನ್ ಪ್ಲಾಸ್ಟಿಕ್ ಚೀಲದಲ್ಲಿಟ್ಟ ರಕ್ತದಲ್ಲೇ ಅದನ್ನು ಕಂಡರು. ಆದರೆ ಅಳೆಯೋದು ಹೇಗೆ? ಪ್ರಯೋಗಾಲಯದ ಕೊಳವೆಯಲ್ಲೂ ಪ್ಲಾಸ್ಟಿಕ್ಕೇ. 2000ದಲ್ಲಿ ಅಮೆರಿಕದ ಸಿಡಿಸಿ ವಿಜ್ಞಾನಿಗಳು 289 ಜನರ ಮೂತ್ರದಲ್ಲಿ ಥಾಲೇಟನ್ನಲ್ಲ, ದೇಹ ಅದನ್ನು ಒಡೆದಾಗ ಉಳಿಯುವ ತುಣುಕುಗಳನ್ನು ಅಳೆದರು. ಆ ತುಣುಕು ಸಿಕ್ಕರೆ ಥಾಲೇಟ್ ಮೈಯೊಳಗಿಂದಲೇ ಬಂದಿದೆ ಅಂತ ಅರ್ಥ. ಹೆರುವ ವಯಸ್ಸಿನ ಹೆಂಗಸರಲ್ಲಿ ಒಂದು ಬಗೆಯದ್ದು ಹೆಚ್ಚೇ ಕಂಡಿತು.

ಎರಡರ ನಡುವೆ ವ್ಯತ್ಯಾಸ ಇದೆ. ಥಾಲೇಟ್ ಒಂದೆರಡು ದಿನದಲ್ಲಿ ಹೊರಹೋಗುತ್ತೆ, ಹಾಗಾಗಿ ಮೂತ್ರ ಹೇಳೋದು ನಿನ್ನೆಯ ಸುದ್ದಿ. ಫ್ಲೋರೈಡ್ ಹಾಗಲ್ಲ, ನಿನ್ನೆಯದ್ದರ ಜೊತೆ ಹತ್ತು ವರ್ಷದ ಹಿಂದಿನ ಬಾವಿಯ ಸುದ್ದಿಯನ್ನೂ ಸೇರಿಸಿ ಹೇಳುತ್ತೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನೀರು ಬದಲಾದರೆ ಮೂತ್ರದ ಅಂಕಿ ಇಳಿಯುತ್ತೆ. ಮುಂಡರಗಿ ತಾಲೂಕಿನಲ್ಲೂ 'ಸಚೇತನ' ಯೋಜನೆಯಡಿ ಬೈಫ್ ಸಂಸ್ಥೆ ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಕೆಲಸ ಮಾಡಿದೆ. ಕಲ್ಲು ಮುಟ್ಟದ ನೀರಿನಲ್ಲಿ ಫ್ಲೋರೈಡ್ ಎಲ್ಲಿಂದ ಬರಬೇಕು? ಬಣ್ಣಗೆಟ್ಟ ಹಲ್ಲು ಮೊದಲಿನ ಹಾಗೆ ಆಗೋದಿಲ್ಲ. ಆದರೆ ಈಗ ತೊಟ್ಟಿಲಲ್ಲಿರುವ ಕೂಸಿನ ಹಲ್ಲು ಇನ್ನೂ ಒಸಡಿನೊಳಗಿದೆ. ಅದಕ್ಕೆ ಕಾಲ ಮಿಂಚಿಲ್ಲ.

ಮುಂದಿನ ಸಲ ಊರಿನ ನೀರಿನ ವರದಿ ಚೆನ್ನಾಗಿ ಬಂತು ಅಂತ ಯಾರಾದರೂ ಹೇಳಿದರೆ ಇನ್ನೊಂದು ಪ್ರಶ್ನೆ ಕೇಳಿ: ಊರಿನ ಜನರದ್ದು ಏನು ಬಂತು?